ಗರಡಿ ಸಾಧನೆ

ಮಲ್ಲರನ್ನು ಕಾಳಗಕ್ಕೆ ಅಣಿಗೊಳಿಸಲು ಗರಡಿಮನೆಯಲ್ಲಿ ಮಾಡಿಸುವ ಅಂಗಸಾಧನೆ, ಆಡುಮಾತಿನಲ್ಲಿ ಸಾಮು. ನಂಜನಗೂಡಿನಿಂದ ಬದನಗುಪ್ಪೆಯ ಮೇಲೆ ಹಾದು ಚಾಮರಾಜನಗರ ತಲುಪುವ ಸೀಮೆಯ ಮಲ್ಲವಿದ್ಯೆ ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದದ್ದು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣಗಳ ಜೊತೆಗೆ ಚಾಮರಾಜನಗರದ ಜಟ್ಟಿಗಳೂ ಇಳಿಯುತ್ತಾರೆ. ತಲೆ ಬೋಳಿಸಿಕೊಂಡ ಎದುರಾಳಿಯ ನೆತ್ತಿಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಕ್ಷಣಗಳ ಈ ಸೆಣಸಿಗೆ ಮುನ್ನ ನಡೆಯುವ ತಯಾರಿ ಮಾತ್ರ ದೀರ್ಘವಾದುದು.

ಈ ತಯಾರಿಗೆ ಕನ್ನಡ ನೆಲದ ಹಳೆಯ ಲಿಖಿತ ಕ್ರಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿದೆ (12ನೆಯ ಶತಮಾನ). ಅದರ ಮಲ್ಲವಿನೋದ ಭಾಗ ಮಲ್ಲರನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳಿನ ಕಸರತ್ತು, ಕಂಬದ ಸಾಧನೆಯಾದ ಸ್ತಂಭಶ್ರಮ ಎಂದು ವ್ಯಾಯಾಮಗಳನ್ನೂ ಬೇರ್ಪಡಿಸುತ್ತದೆ. ಊಟದ ವಿಧಿಯೂ ಉಂಟು. ಪಟ್ಟು ಕಲಿಯುವುದು ಬೇರೆ, ಪಟ್ಟು ಹಾಕಲು ಬೇಕಾದ ಮೈ ಕಟ್ಟುವುದು ಬೇರೆ ಎಂಬ ತಿಳಿವಳಿಕೆ ಆಗಲೇ ಇತ್ತೆಂಬುದೇ ಇಲ್ಲಿ ಮುಖ್ಯ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ಬಣ್ಣಿಸಿದ್ದಾನೆ. ರಾಯ ನಸುಕಿಗೆ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಸಿಕೊಂಡು, ಸುಟ್ಟ ಮಣ್ಣಿನ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ, ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ, ಕೊನೆಗೆ ಬೆಳಕು ಹರಿಯುವ ತನಕ ಕುದುರೆ ಸವಾರಿ. ಎಣ್ಣೆ ಕುಡಿಯುವುದನ್ನು ಇಂದಿನ ತರಬೇತುದಾರರು ಒಪ್ಪಲಿಕ್ಕಿಲ್ಲ. ಉಳಿದದ್ದರಲ್ಲಿ ತೆಗೆದುಹಾಕುವಂಥದ್ದು ಕಡಿಮೆ.

ಗರಡಿಯ ಸಾಮಗ್ರಿ ಸರಳ: ಗದೆ, ಲೋಡು, ಕಲ್ಲುಗುಂಡು. ದಂಡೆ, ಬಸ್ಕಿಗಳಿಗೆ ಅದೂ ಬೇಡ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಬೆರೆಸಿದ ಮಟ್ಟಿಯನ್ನು ಗುದ್ದಲಿಯಿಂದ ಅಗೆದು ಸಡಿಲಿಸುವ ಕೆಲಸವೂ ಸೊಂಟ, ಹೆಗಲುಗಳಿಗೆ ಒಳ್ಳೆಯ ಸಾಮೇ. ಆದರೆ ಸಾವಿರಗಟ್ಟಲೆ ಬಸ್ಕಿ ಹೊಡೆದೆನೆಂಬ ಪೈಲ್ವಾನರ ಹೆಮ್ಮೆಯನ್ನು ಸಾಧನೆಯ ಅಳತೆಗೋಲಾಗಿ ಹಿಡಿಯಬಾರದು. ಎಣಿಕೆ ಏರಿದಂತೆ ದಮ್ಮು ಬೆಳೆದೀತು. ಬಲ ಬೆಳೆಯಲು ಭಾರವೂ ಏರಬೇಕು, ನಡುವೆ ಮೈಗೆ ಬಿಡುವೂ ಸಿಗಬೇಕು. ಹಂತಹಂತವಾಗಿ ಭಾರ ಹೆಚ್ಚಿಸುವ ಕ್ರಮಕ್ಕೆ 1940ರ ದಶಕದಲ್ಲಿ ಗಾಯಾಳು ಸೈನಿಕರ ಚಿಕಿತ್ಸೆಯಲ್ಲಿ ಶಾಸ್ತ್ರೀಯ ರೂಪ ಕೊಟ್ಟವನು ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್.

ಕರ್ನಾಟಕದಲ್ಲಿ ಗರಡಿಗೂ ಬಾರ್‌ಬೆಲ್‌ಗೂ ನಂಟು ಬೆಳೆಸಿದವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್. ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಅವರು ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಅವರ ಒಲವು ಮೈಕಟ್ಟಿನ ಅಂದದ ಕಡೆಗಿತ್ತು, ಪಂದ್ಯದ ಕಡೆಗಲ್ಲ. ಆಟಗಾರರಿಗಾಗಿಯೇ ಬಲಸಾಧನೆ ಎಂಬುದು ನೆಲೆಯಾದದ್ದು ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಮತ್ತು 2000ದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬಂದ ಮೇಲೆ.

ದಸರಾದಲ್ಲಿ ಈಗ ನಾಡಕುಸ್ತಿಯೂ ಪಾಯಿಂಟ್ ಕುಸ್ತಿಯೂ ನಡೆಯುತ್ತವೆ. ಮಣ್ಣಿನ ಮೇಲಿನ ಜೋಡಿ ಬಹಳ ಹೊತ್ತು ಎಳೆಯಬಹುದು. ಮ್ಯಾಟ್ ಮೇಲೆ ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ಬಿಡುವು. ಮಣ್ಣಿನ ಕುಸ್ತಿಗೆ ತಾಳಿಕೊಳ್ಳುವ ದಮ್ಮು ಬೇಕು, ಮ್ಯಾಟ್ ಕುಸ್ತಿಗೆ ಸಿಡಿಯುವ ಬಲ. ಎರಡನ್ನೂ ಆಡುವ ಹುಡುಗನಿಗೆ ಒಂದೇ ಸಾಮು ಸಾಲದು.