ಜ್ಯಾಂಗೋ: ಮೂಲವೂ ವಿವರಣೆಯೂ

ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ, 2003ನೆಯ ಇಸವಿಯಲ್ಲಿ, ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು ಜಾಲತಾಣಗಳನ್ನು ಬೇಗನೆ ಕಟ್ಟುವುದಕ್ಕಾಗಿ ರಚಿಸತೊಡಗಿದ ತಂತ್ರಾಂಶದ ಚೌಕಟ್ಟೇ ‘ಜ್ಯಾಂಗೋ’. 2005ರ ಜುಲೈ ತಿಂಗಳಲ್ಲಿ ಅದರ ಮೂಲಪಾಠವು ಸರ್ವರಿಗೂ ಮುಕ್ತವಾಯಿತು. ಹೀಗೆ ಮುಕ್ತವಾದ ಕೃತಿಯನ್ನು ದೇಶದೇಶಗಳವರು ತಿದ್ದಿ ಬೆಳೆಯಿಸುವರು. ಮೂಲವು ಬೆಳೆಯುತ್ತಿರಲು ವಿವರಣೆಯು ಹಿಂದುಳಿಯಿತೆಂದರೆ, ಅದನ್ನು ನಂಬಿದವನು ದಾರಿ ತಪ್ಪುವನು. ತಪ್ಪಾದ ವಿವರಣೆಯು ವಿವರಣೆಯಿಲ್ಲದಿರುವುದಕ್ಕಿಂತಲೂ ಕೇಡು.

ಆದಕಾರಣ ಜ್ಯಾಂಗೋವಿನ ವಿವರಣೆಯು ಮೂಲಪಾಠದ ಭಂಡಾರದಲ್ಲಿಯೇ ಇರಿಸಲ್ಪಟ್ಟಿದೆ. ಹೊಸ ಸೌಲಭ್ಯವನ್ನು ತರತಕ್ಕವನು ಅದರ ವಿವರಣೆಯನ್ನೂ ಪರೀಕ್ಷೆಗಳನ್ನೂ ಜೊತೆಯಲ್ಲಿಯೇ ಒಪ್ಪಿಸಬೇಕೆಂಬುದು ಅಲ್ಲಿಯ ನಿಯಮ. 2008ರ ಸೆಪ್ಟೆಂಬರಿನಲ್ಲಿ 1.0ನೆಯ ಆವೃತ್ತಿಯು ಹೊರಡುವ ಮುನ್ನ ವಿವರಣೆಗಳೆಲ್ಲವೂ ಹೊಸದಾಗಿ ಅಳವಡಿಸಲ್ಪಟ್ಟವು. ಪೈಥಾನ್ ಭಾಷೆಯ ಕೈಪಿಡಿಗಾಗಿ ಗೇಯೋರ್ಗ್ ಬ್ರಾಂಡ್ಲ್ ರಚಿಸಿದ್ದ ‘ಸ್ಫಿಂಕ್ಸ್’ ಎಂಬ ಸಾಧನವು ಇದಕ್ಕೆ ಒದಗಿತು. ಇಂದು ಅವು ನಾಲ್ಕು ಬಗೆಯಾಗಿವೆ: ಹೊಸಬನನ್ನು ಕೈಹಿಡಿದು ನಡೆಯಿಸುವ ಪಾಠ, ವಿಷಯನಿರೂಪಣೆ, ಕಾರ್ಯವಿಧಾನ, ಆಕರ.

ಯಾವ ಅಂಶವು ಯಾವ ಆವೃತ್ತಿಯಲ್ಲಿ ಸೇರಿತು, ಯಾವಾಗ ಮಾರ್ಪಟ್ಟಿತು ಎಂಬುದನ್ನು ಅಲ್ಲಲ್ಲಿಯೇ ಗುರುತಿಸುವುದುಂಟು. ಪಾಠಾಂತರಗಳನ್ನು ಬಲ್ಲ ಗ್ರಂಥಸಂಪಾದಕನಿಗೆ ಇದು ಪರಿಚಿತ ಕಾರ್ಯವೇ. ಆದರೆ ಒಂದು ಭೇದವುಂಟು. ಸಂಪಾದಕನು ಪಾಠಾಂತರಗಳನ್ನು ಒಂದೇ ಪುಟದಲ್ಲಿ ಉಳಿಸುವನು. ಇಲ್ಲಿಯಾದರೋ ಆವೃತ್ತಿಯು ಹಳೆಯದಾಗಲು ಆ ಗುರುತುಗಳನ್ನು ಹೊಸ ಪಾಠದಿಂದ ತೆಗೆದುಹಾಕುವರು. ಹಳೆಯದನ್ನು ಅರಸುವವನಿಗೆ ಆಯಾ ಆವೃತ್ತಿಯ ವಿವರಣೆಯು ಪ್ರತ್ಯೇಕವಾಗಿ ದೊರೆಯುವುದು. ಬರೆಯುವುದರಷ್ಟೇ ಅಳಿಸುವುದೂ ವಿವರಣಕಾರನ ಕರ್ತವ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.