ಬಹುವಿಧ ರಕ್ಷಣಾ ಪ್ರೊಟೊಕಾಲ್‌ಗಳಿಗೆ ಪ್ಯಾಕೆಟ್ ಹೆಡರ್ ವಿನ್ಯಾಸ

ಗಣಕಜಾಲದಲ್ಲಿ ಸಂಚರಿಸುವ ದತ್ತಾಂಶವು ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ಖಂಡಗಳಾಗಿ ವಿಭಕ್ತವಾಗಿ ಸಾಗುತ್ತದೆ. ಪ್ರತಿಯೊಂದು ಪ್ಯಾಕೆಟ್ಟಿನ ಆದಿಯಲ್ಲಿ ಅದರ ಮೂಲ, ಗಮ್ಯ, ಪರಿಮಾಣಗಳನ್ನು ಅರುಹುವ ಭಾಗಕ್ಕೆ ಹೆಡರ್ ಎಂದು ಹೆಸರು. ಒಂದೇ ಹೆಡರ್ ವ್ಯವಸ್ಥೆಯೊಳಗೆ ಭಿನ್ನ ಭಿನ್ನ ಗೂಢಲಿಪಿ ವಿಧಾನಗಳಿಗೂ ದೃಢೀಕರಣ ಕ್ರಮಗಳಿಗೂ, ಇಂದು ಬಳಕೆಯಲ್ಲಿರುವವಕ್ಕೆ ಮಾತ್ರವಲ್ಲದೆ ಮುಂದೆ ಹುಟ್ಟಲಿರುವವಕ್ಕೂ, ಎಡೆಮಾಡಿಕೊಡುವ ವಿನ್ಯಾಸವೇ ಇಲ್ಲಿನ ವಿಷಯ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಂತಹ ಪ್ರದೇಶದಲ್ಲಿ ಈ ವಿಷಯವು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯಲಾರದು. ತೋಟ ತೋಟಕ್ಕೊಂದರಂತೆ ಚದುರಿದ ಮನೆಗಳು, ನಡುವೆ ಕಾಡು ಕಣಿವೆ, ಲಿಂಗನಮಕ್ಕಿಯ ಹಿನ್ನೀರು, ಮಳೆಗಾಲದಲ್ಲಿ ದಿನಗಟ್ಟಲೆ ಹೋಗುವ ಕರೆಂಟು, ಇವುಗಳಿಂದಾಗಿ ಇಲ್ಲಿನ ಸಂಪರ್ಕ ಸದಾ ಕೃಶವಾದದ್ದು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡದ ನೆತ್ತಿಯನ್ನು ಏರಿ ಕೂರಬೇಕಾಗಿ ಬಂದುದರಿಂದಲೇ 2021ರಲ್ಲಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂಬ ಚಳವಳಿ ಈ ಮಲೆನಾಡಿನಲ್ಲಿ ತಲೆಯೆತ್ತಿತು. ಪಹಣಿ, ಪಡಿತರದ ಬೆರಳಚ್ಚು, ಸೊಸೈಟಿಯ ಲೆಕ್ಕ, ಬ್ಯಾಂಕಿನ ಪಾವತಿ ಎಲ್ಲವೂ ಇದೇ ಕೃಶ ಮಾರ್ಗದಲ್ಲಿ, ರಕ್ಷಣೆಯ ಕವಚ ತೊಟ್ಟು ಹೋಗಬೇಕಾಗಿರುವಾಗ, ಆ ಕವಚದ ತೂಕವೆಷ್ಟೆಂಬ ಪ್ರಶ್ನೆ ನ್ಯಾಯವಾದದ್ದೇ.

ಅಂತರ್ಜಾಲದ ಮೂಲ ಪ್ರೊಟೊಕಾಲಾದ ಐಪಿಯ, 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯ ಹೆಡರ್ ಕನಿಷ್ಠ 20 ಬೈಟುಗಳದು. ಅದರಲ್ಲಿ ಒಂದೇ ಒಂದು ಬೈಟು, ಮುಂದಿರುವುದು ಯಾವ ಪ್ರೊಟೊಕಾಲ್ ಎಂಬುದನ್ನು ಸಂಖ್ಯೆಯಿಂದ ಸೂಚಿಸುತ್ತದೆ. ಆರನೆಯ ಆವೃತ್ತಿಯ 40 ಬೈಟುಗಳ ಹೆಡರಿನಲ್ಲಿಯೂ ಈ ಕೋಶವುಂಟು, ಅಲ್ಲಿ ಅದಕ್ಕೆ ‘ನೆಕ್ಸ್ಟ್ ಹೆಡರ್’ ಎಂದು ಹೆಸರು. ರಕ್ಷಣೆಗೆಂದೇ ರೂಪಿಸದಿದ್ದ ಈ ಪುಟ್ಟ ಕೋಶವೇ ಮುಂದೆ ರಕ್ಷಣೆಗೂ ದ್ವಾರವಾಯಿತು: 1995ರ ಆಗಸ್ಟಿನಲ್ಲಿ ಐಪಿಗೆ ರಕ್ಷಣೆ ಒದಗಿಸುವ ಐಪಿಸೆಕ್‌ನ ಮೊದಲ ದಸ್ತಾವೇಜುಗಳು ಹೊರಬಂದಾಗ, ದತ್ತಾಂಶವನ್ನು ಮರೆಮಾಡುವ ಇಎಸ್‌ಪಿಗೆ 50, ದೃಢೀಕರಣಕ್ಕೆ ಮಾತ್ರ ಮೀಸಲಾದ ಎಎಚ್‌ಗೆ 51 ಎಂಬ ಸಂಖ್ಯೆಗಳು ದೊರೆತವು. ಹಳೆಯ ಹೆಡರಿನ ಒಂದು ಬಿಟ್ಟನ್ನೂ ಕದಲಿಸದೆ ಹೊಸ ಧರ್ಮವನ್ನು ಅಳವಡಿಸಿದ ಈ ರೀತಿ ನಿಜಕ್ಕೂ ಶ್ಲಾಘ್ಯ.

ಇಎಸ್‌ಪಿ ಹೆಡರ್ ಸ್ವತಃ 8 ಬೈಟುಗಳಷ್ಟೇ: 32 ಬಿಟ್ಟುಗಳ ಎಸ್‌ಪಿಐ ಎಂಬ ಗುರುತು, 32 ಬಿಟ್ಟುಗಳ ಕ್ರಮಸಂಖ್ಯೆ. ಯಾವ ಗೂಢಲಿಪಿ, ಎಷ್ಟು ಉದ್ದದ ಕೀಲಿ ಎಂಬುದಾವುದೂ ಅಲ್ಲಿ ಬರೆದಿಲ್ಲ. ಮಂಡಿಗೆ ಬಂದ ಅಡಿಕೆ ಮೂಟೆಯ ಮೇಲೆ ಲಾಟ್ ನಂಬರ್ ಮಾತ್ರವಿದ್ದು, ಒಳಗಿರುವುದು ರಾಶಿಯೋ ಬೆಟ್ಟೆಯೋ, ಯಾರ ತೋಟದ್ದು ಎಂಬುದು ಮಂಡಿಯ ಪುಸ್ತಕದಲ್ಲಿ ದಾಖಲಾಗಿರುವಂತೆ, ಇಲ್ಲಿಯೂ ವಿವರವೆಲ್ಲ ಉಭಯ ತುದಿಗಳ ಗಣಕಗಳು ಮೊದಲೇ ಒಡಂಬಟ್ಟು ಬರೆದಿಟ್ಟುಕೊಂಡ ಪಟ್ಟಿಯಲ್ಲಿರುತ್ತದೆ. ಹೊಸ ಗೂಢಲಿಪಿ ಬಂದರೆ ಪಟ್ಟಿ ಬದಲಾದೀತೇ ಹೊರತು ಹೆಡರ್ ಬದಲಾಗದು; ದಾರಿಯಲ್ಲಿ ಕಾದು ಕುಳಿತವನು ವಿಧಾನದ ಹೆಸರನ್ನು ಓದಲೂ ಆರ, ಅದನ್ನು ಅಳಿಸಿ ದುರ್ಬಲವಾದ ಇನ್ನೊಂದನ್ನು ಬರೆಯಲೂ ಆರ. ಬಹುವಿಧ ರಕ್ಷಣೆಗೆ ಸ್ಥಳ ಬೇಕೆಂದರೆ ಹೆಡರಿನಲ್ಲಿ ಹೆಚ್ಚು ಬರೆಯಬೇಕೆಂದು ಮೇಲ್ನೋಟಕ್ಕೆ ತೋರಿದರೂ, ಸಾಧ್ಯವಾದಷ್ಟು ಕಡಮೆ ಬರೆಯುವುದರಲ್ಲಿಯೇ ಅದರ ಹಿರಿಮೆಯಿದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕದು.

ಎಎಚ್‌ನ ಗತಿ ಬೇರೆಯಾಯಿತು. ಅದು ಕಳುಹಿಸಿದವನ ವಿಳಾಸವನ್ನೂ ಸೇರಿಸಿ ದೃಢೀಕರಿಸುತ್ತದೆ; ಆದರೆ ಬಹುಮಂದಿ ಬಳಕೆದಾರರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲುವ ಮೊಬೈಲ್ ಜಾಲಗಳಲ್ಲಿ ನಡುದಾರಿಯ ಯಂತ್ರವು ಆ ವಿಳಾಸವನ್ನೇ ಬದಲಿಸುವುದರಿಂದ ದೃಢೀಕರಣ ವಿಫಲವಾಗುತ್ತದೆ. ಇಎಸ್‌ಪಿಗೂ ಅಲ್ಲಿ ತೊಡಕಿಲ್ಲದಿಲ್ಲ, ಬಳಕೆದಾರರನ್ನು ಬೇರ್ಪಡಿಸಲು ಬೇಕಾದ ಪೋರ್ಟ್ ಸಂಖ್ಯೆ ಅದರಲ್ಲಿ ಕಾಣಿಸದು. 2005ರಲ್ಲಿ ಇದಕ್ಕೆ ಪರಿಹಾರವಾಗಿ ಇಎಸ್‌ಪಿಯನ್ನು ಪೋರ್ಟ್ ಸಂಖ್ಯೆಯುಳ್ಳ ಯುಡಿಪಿ ಪ್ಯಾಕೆಟ್ಟಿನೊಳಗಿಟ್ಟು 4500ನೆಯ ಪೋರ್ಟಿನಿಂದ ಕಳುಹಿಸುವ ಕ್ರಮ ನಿಗದಿಯಾಯಿತು. ಕೀಲಿಯ ಒಡಂಬಡಿಕೆ ನಡೆಸುವ ಐಕೆಇ ಸಂದೇಶಗಳೂ ಅದೇ ಪೋರ್ಟಿನಲ್ಲಿ ಬರುವುದರಿಂದ ಎರಡನ್ನೂ ಬೇರ್ಪಡಿಸುವುದೆಂತು? ಸಂಚಾರದಲ್ಲಿರುವ ಇಎಸ್‌ಪಿ ಪ್ಯಾಕೆಟ್ಟಿನ ಎಸ್‌ಪಿಐ ಎಂದಿಗೂ ಸೊನ್ನೆಯಾಗದಾದುದರಿಂದ, ಐಕೆಇ ಸಂದೇಶದ ಮುಂದೆ ನಾಲ್ಕು ಸೊನ್ನೆ ಬೈಟುಗಳನ್ನಿಟ್ಟರೆ ಸಾಕಾಯಿತು. ಧ್ವನಿ ಮತ್ತು ದೃಶ್ಯ ಕರೆಗಳಲ್ಲಿ ಇದೇ ಉಪಾಯ ಮೊದಲ ಬೈಟಿಗೆ ಇಳಿದಿದೆ: ಅದರ ಮೌಲ್ಯ 0ರಿಂದ 3 ಆದರೆ ವಿಳಾಸ ಪತ್ತೆಮಾಡುವ ಸ್ಟನ್, 20ರಿಂದ 63 ಆದರೆ ಕೀಲಿಯ ಒಡಂಬಡಿಕೆಯ ಡಿಟಿಎಲ್‌ಎಸ್, 128ರಿಂದ 191 ಆದರೆ ಮಾತು, ದೃಶ್ಯಗಳನ್ನು ಹೊರುವ ಆರ್‌ಟಿಪಿ ಎಂದು ಒಂದೇ ಪೋರ್ಟಿನಲ್ಲಿ ವಿಂಗಡಣೆ ನಡೆಯುತ್ತದೆ.

ಪ್ರೊಟೊಕಾಲಿನ ಆವೃತ್ತಿ ಯಾವುದೆಂದು ಹೆಡರಿನಲ್ಲಿ ಸೂಚಿಸುವ ಕೋಶವು ಇನ್ನೊಂದು ಸಂಕಟವನ್ನು ತಂದಿತು. ಹಳೆಯ ಸಂಖ್ಯೆಗಳನ್ನೇ ಕಂಡು ಜಡ್ಡುಗಟ್ಟಿದ ನಡುದಾರಿಯ ಉಪಕರಣಗಳು ಹೊಸದನ್ನು ತಿರಸ್ಕರಿಸತೊಡಗಿದ್ದರಿಂದ, ಜಾಲತಾಣಗಳ ಸಂಪರ್ಕವನ್ನು ಕಾಯುವ, 2018ರ ಟಿಎಲ್‌ಎಸ್ 1.3 ತನ್ನ 5 ಬೈಟುಗಳ ರೆಕಾರ್ಡ್ ಹೆಡರಿನಲ್ಲಿ ಈಗಲೂ 1.2ರ ಸಂಖ್ಯೆಯನ್ನೇ ಬರೆದುಕೊಂಡು ಸಾಗುತ್ತದೆ.

ಇನ್ನು ತೂಕದ ಲೆಕ್ಕ. ಮಾತನ್ನು ಕುಗ್ಗಿಸುವ ಜಿ.729 ಕ್ರಮದಲ್ಲಿ 20 ಮಿಲಿಸೆಕೆಂಡಿನ ಮಾತು 20 ಬೈಟುಗಳಲ್ಲಿ ಅಡಗುತ್ತದೆ. ಐಪಿ, ಯುಡಿಪಿ, ಆರ್‌ಟಿಪಿ ಹೆಡರುಗಳು ಕೂಡಿ 60 ಆಗುವ ಇದನ್ನು ಎಇಎಸ್-ಜಿಸಿಎಂ ಗೂಢಲಿಪಿಯೊಡನೆ, ಇಡೀ ಪ್ಯಾಕೆಟ್ಟನ್ನೇ ಇನ್ನೊಂದು ಐಪಿ ಪ್ಯಾಕೆಟ್ಟಿನೊಳಗಿಡುವ ಇಎಸ್‌ಪಿ ಸುರಂಗದಲ್ಲಿ, ಯುಡಿಪಿಯ ಹೊದಿಕೆಯೊಳಗೆ ಕಳುಹಿಸಿದರೆ 124 ಬೈಟುಗಳಾಗುತ್ತದೆ. ಸೆಕೆಂಡಿಗೆ 8 ಕಿಲೋಬಿಟ್ಟಿನ ಮಾತು ತೆರಿಗೆಯೂ ಸೇರಿ ದಾರಿಯಲ್ಲಿ 49.6 ಕಿಲೋಬಿಟ್ಟಾಗುತ್ತದೆ. ದೊಡ್ಡ ಪ್ಯಾಕೆಟ್ಟುಗಳ ಪಾಡು ಇನ್ನೊಂದು ಬಗೆಯದು. ಬಿಎಸ್‌ಎನ್‌ಎಲ್ ಫೈಬರಿನಲ್ಲಿ ಬಳಕೆಯಲ್ಲಿರುವ ಪಿಪಿಪಿಒಇ ಎಂಬ ಸಂಪರ್ಕ ಕ್ರಮವು ತನಗೆಂದು 8 ಬೈಟು ತೆಗೆದುಕೊಂಡು ಪ್ಯಾಕೆಟ್ಟಿನ ಗಾತ್ರಕ್ಕಿರುವ 1500 ಬೈಟುಗಳ ಮಿತಿಯನ್ನು 1492ಕ್ಕೆ ಇಳಿಸುತ್ತದೆ. ಮೇಲೆ ಹೇಳಿದ ಸುರಂಗವೂ ಸೇರಿದರೆ ಒಳಗಿನ ಪ್ಯಾಕೆಟ್ಟಿಗೆ ಉಳಿಯುವುದು 1430. ಈ ಮಿತಿ ಮೀರಿತೆಂದು ಕಳುಹಿಸಿದವನಿಗೆ ತಿಳಿಸಬೇಕಾದ ಐಸಿಎಂಪಿ ಸೂಚನೆಯನ್ನು ಯಾವುದೋ ಫೈರ್‌ವಾಲ್ ತಡೆದರೆ, ಲಾಗಿನ್ ಪುಟ ತೆರೆದುಕೊಂಡು, ಅದರ ಹಿಂದೆ ಬರಬೇಕಾದ ದೊಡ್ಡ ದಾಖಲೆ ಮಾತ್ರ ಬಾರದೆ ಪರದೆ ಸುತ್ತುತ್ತಲೇ ಇರುತ್ತದೆ. ಸಿಗ್ನಲ್ ಇಲ್ಲವೆಂದು ಬಳಕೆದಾರನು ಶಪಿಸುವ ಎಷ್ಟೋ ಸಂದರ್ಭಗಳಲ್ಲಿ ಸಿಗ್ನಲ್ ನಿರ್ದೋಷಿ.

ಗೂಢಲಿಪಿಗೆ ಒಳಗಾದ ಬಳಿಕ ಹೆಡರನ್ನು ಕುಗ್ಗಿಸಲು ಬಾರದೆಂಬುದನ್ನು ಅರಿತು, ಕುಗ್ಗಿಸಿದ ಮೇಲೆಯೇ ಮರೆಮಾಡುವ ಕ್ರಮವೊಂದು 2010ರಲ್ಲಿ ಐಪಿಸೆಕ್‌ಗೆ ಸೇರಿತು. ಒಳಗಿನ ಐಪಿ, ಯುಡಿಪಿ, ಆರ್‌ಟಿಪಿ ಹೆಡರುಗಳ 40 ಬೈಟುಗಳು ಮೂರಕ್ಕೆ ಇಳಿದಲ್ಲಿ ಮೇಲಿನ 124 ಬೈಟುಗಳು 88ಕ್ಕೆ ಇಳಿಯುತ್ತವೆ. ಒಳಗಿರುವುದು ಕುಗ್ಗಿಸಿದ ಹೆಡರ್ ಎಂಬುದನ್ನು ಇಎಸ್‌ಪಿಯ ಕೊನೆಯಲ್ಲಿರುವ ‘ನೆಕ್ಸ್ಟ್ ಹೆಡರ್’ ಕೋಶವು 142 ಎಂಬ ಸಂಖ್ಯೆಯಿಂದ ತಿಳಿಸುತ್ತದೆ.