ಅರ್ಧ ಪಾಲಿನ ಮನೆಗಳು

ಫ್ರಾನ್ಸಿಸ್ ಮೇಯೆಸ್ ಎಂಬ ಅಮೆರಿಕನ್ ಲೇಖಕಿ 1990ರಲ್ಲಿ ಇಟಲಿಯ ಟಸ್ಕನಿ ಪ್ರಾಂತ್ಯದ ಕೊರ್ತೋನಾದಲ್ಲಿ ಪಾಳುಬಿದ್ದ ಮನೆಯೊಂದನ್ನು ಕೊಂಡರು. ಅದನ್ನು ರಿಪೇರಿ ಮಾಡಿಸಿ ಆಲಿವ್ ತೋಪು ನೋಡಿಕೊಂಡ ಕಥೆ 1996ರಲ್ಲಿ 'ಅಂಡರ್ ದ ಟಸ್ಕನ್ ಸನ್' ಎಂಬ ಪುಸ್ತಕವಾಯಿತು, 2003ರಲ್ಲಿ ಸಿನಿಮಾ ಆಯಿತು. ಆಮೇಲೆ ಕೇಳಬೇಕೇ? ಅಲ್ಲೊಂದು ಹಳೇ ಮನೆ ಕೊಳ್ಳುವುದು ಪ್ರಪಂಚದ ಎಷ್ಟೋ ಜನರ ಕನಸಾಗಿಬಿಟ್ಟಿತು.

ಮೇಯೆಸ್ ಕೊಂಡದ್ದು ಹಳೆಯ ವಿಲ್ಲಾ. ಆದರೆ ಆ ಗುಡ್ಡಗಳಲ್ಲಿ ಹೊರಗಿನವರು ಕೊಂಡ ಮನೆಗಳಲ್ಲಿ ಬಹಳಷ್ಟು ರೈತರ ಮನೆಗಳು. ಇಷ್ಟೊಂದು ಮನೆ ಒಟ್ಟಿಗೆ ಖಾಲಿ ಬಿದ್ದದ್ದು ಹೇಗೆ? ಬ್ಯಾಂಕಿನವನಾದ ನನಗೆ ಆ ಲೆಕ್ಕದ ಮೇಲೇ ಕಣ್ಣು.

ಉತ್ತರ 'ಮೆದ್ಸಾದ್ರಿಯಾ' ಎಂಬ ಪದ್ಧತಿಯಲ್ಲಿದೆ. ಮೆದ್ಸೊ ಎಂದರೆ ಅರ್ಧ. ನಮ್ಮ ಕಡೆ ವಾರಕ್ಕೆ, ಕೋರಿಗೆ, ಪಾಲಿಗೆ ಅನ್ನುತ್ತೇವಲ್ಲ, ಅಂಥದ್ದೇ. ಜಮೀನು, ಮನೆ ಒಡೆಯನದು. ದುಡಿಮೆ ರೈತನ ಇಡೀ ಕುಟುಂಬದ್ದು. ಗೋಧಿ, ದ್ರಾಕ್ಷಿ, ಆಲಿವ್ ಎಣ್ಣೆ ಎಲ್ಲದರಲ್ಲೂ ಅರ್ಧರ್ಧ. ಮಧ್ಯಯುಗದಲ್ಲಿ ಶುರುವಾದ ಈ ಪದ್ಧತಿ 20ನೇ ಶತಮಾನದವರೆಗೂ ನಡೆಯಿತು. ಎಷ್ಟೋ ಕಡೆ ಮನೆ ಮಕ್ಕಳ ಮದುವೆಗೂ ಒಡೆಯನ ಒಪ್ಪಿಗೆ ಬೇಕಿತ್ತು!

ಮನೆಯ ರಚನೆಯೂ ಅದಕ್ಕೆ ತಕ್ಕಂತೆ. ಕೆಳಗೆ ಎತ್ತಿನ ಕೊಟ್ಟಿಗೆ, ಮೇಲೆ ದೊಡ್ಡ ಒಲೆಯ ಅಡುಗೆಮನೆ, ಸುತ್ತ ಮಲಗುವ ಕೋಣೆಗಳು. ಚಳಿಗಾಲದಲ್ಲಿ ದನಗಳ ಮೈಶಾಖವೇ ಮೇಲಿನವರಿಗೂ ಬೆಚ್ಚಗೆ. ಇವತ್ತು ರಿಪೇರಿಯಾದ ಮನೆಗಳಲ್ಲಿ ಕಮಾನು ಚಾವಣಿಯ ಚಂದದ ಊಟದ ಕೋಣೆ ಕಂಡರೆ, ಅಲ್ಲಿ ಹಿಂದೆ ಎತ್ತು ಕಟ್ಟುತ್ತಿದ್ದರು ಅಂತಲೇ ಲೆಕ್ಕ.

ಪ್ರತಿ ಕುಟುಂಬಕ್ಕೂ ಒಂದು ಲೆಕ್ಕದ ಪುಸ್ತಕವಿತ್ತು. ಬರೆಯುತ್ತಿದ್ದವನು ಒಡೆಯನ ಕಾರಭಾರಿ. ಬೆಳೆ ಕೈಕೊಟ್ಟ ವರ್ಷ ಒಡೆಯನಿಂದ ಪಡೆದ ಧಾನ್ಯ ಸಾಲವಾಗಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಓದು ಬಾರದ ರೈತ ಅದನ್ನು ನಂಬಬೇಕು, ಬೇರೆ ದಾರಿಯಿಲ್ಲ. ಅಂದ ಹಾಗೆ, ಜಮಾ-ಖರ್ಚಿನ ಡಬಲ್ ಎಂಟ್ರಿ ಪದ್ಧತಿಯನ್ನು 1494ರಲ್ಲಿ ಅಚ್ಚು ಹಾಕಿಸಿ, ನಮ್ಮಂಥ ಬಿಕಾಂನವರಿಗೆಲ್ಲ ಗುರುವಾದ ಲೂಕಾ ಪಚೋಲಿ ಹುಟ್ಟಿದ್ದು ಕೊರ್ತೋನಾಕ್ಕೆ ಅಷ್ಟೇನೂ ದೂರವಿಲ್ಲದ ಸಾನ್‌ಸೆಪೋಲ್ಕ್ರೊದಲ್ಲಿ.

ಎರಡನೇ ಮಹಾಯುದ್ಧದ ನಂತರ ರೈತರು ಹೋರಾಡಿದರು, ಪಾಲು 53 ಪರ್ಸೆಂಟ್ ಆಯಿತು. 1964ರ ಕಾನೂನು ಅದನ್ನು 58ಕ್ಕೆ ಏರಿಸಿ, ಹೊಸ ಕರಾರುಗಳನ್ನೇ ನಿಷೇಧಿಸಿತು. ಅಷ್ಟರಲ್ಲಿ ಮಕ್ಕಳು ಫ್ಲಾರೆನ್ಸ್, ಪ್ರಾತೊ ಕಡೆಯ ಕಾರ್ಖಾನೆಗಳಿಗೆ ಹೊರಟಾಗಿತ್ತು. ತಿಂಗಳ ಸಂಬಳ, ನಲ್ಲಿ ನೀರು, ಯಾರಿಗೂ ಲೆಕ್ಕ ಒಪ್ಪಿಸದ ಬದುಕು. ಯಾರು ತಾನೇ ಬೇಡ ಅಂದಾರು?

ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಅಲ್ಲಿ ಪದ್ಧತಿ ಹೋಯಿತು, ಜಮೀನು ಬಹುಮಟ್ಟಿಗೆ ಒಡೆಯರ ಹೆಸರಲ್ಲೇ ಉಳಿಯಿತು. ತಲೆಮಾರುಗಟ್ಟಲೆ ಬಾಳಿದ ಮನೆ ಮಾರಾಟವಾದಾಗ ರೈತನ ಕೈಗೆ ಬಂದದ್ದೇನೂ ಇಲ್ಲ.

ಆಲಿವ್ ಮರಗಳಿಗೂ ಒಂದು ಗಂಡಾಂತರ ಬಂತು. 1985ರ ಜನವರಿಯಲ್ಲಿ ಫ್ಲಾರೆನ್ಸ್ ಬಳಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗಿಳಿದು, ಲಕ್ಷಾಂತರ ಮರಗಳು ಸುಟ್ಟಂತಾದವು. ಬುಡದವರೆಗೂ ಕಡಿದು ಹಾಕಿದರು. ಬೇರು ಮಾತ್ರ ಸತ್ತಿರಲಿಲ್ಲ! ಪಕ್ಕದಿಂದ ಚಿಗುರು ಬಂತು. ಅದಕ್ಕೇ ಅಲ್ಲಿನ ಎಷ್ಟೋ ಮರಗಳಿಗೆ ಇವತ್ತು ಒಂದೇ ಬುಡದಿಂದ ಎರಡು, ಮೂರು ಕಾಂಡ.

ಹೊಸ ಮಾಲೀಕರು ಈಗ ಅವನ್ನು ಸವರುತ್ತಾರೆ, ಅಕ್ಟೋಬರ್-ನವೆಂಬರಿನಲ್ಲಿ ಬಲೆ ಹಾಸಿ ಕಾಯಿ ಇಳಿಸುತ್ತಾರೆ, ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ತಡೆಗೋಡೆಗಳು ಕುಸಿದರೆ ಮತ್ತೆ ಏರಿಸುತ್ತಾರೆ. ಒಳ್ಳೆಯದೇ. ಅವರಿಲ್ಲದಿದ್ದರೆ ಆ ಮನೆಗಳಲ್ಲಿ ಎಷ್ಟೋ ಇಷ್ಟೊತ್ತಿಗೆ ಮಣ್ಣಾಗಿರುತ್ತಿದ್ದವು.

ಆದರೆ ಆ ಗೋಡೆ ಮೊದಲು ಕಟ್ಟಿದವನು, ಆ ಮರ ನೆಟ್ಟವನು ಯಾವ ಪತ್ರದಲ್ಲೂ ಇಲ್ಲ. ಅವನ ಹೆಸರು ಇದ್ದದ್ದು ಸಾಲದ ಪುಸ್ತಕದಲ್ಲಿ ಮಾತ್ರ. ಊರ ಮನೆಗೆ ಬೀಗ ಹಾಕಿ ಬಂದ ನಮ್ಮಂಥವರಿಗೆ, ಬೀಗದ ಕೈಯಾದರೂ ನಮ್ಮ ಹತ್ತಿರ ಇರುತ್ತದೆ. ಅವನಿಗೆ ಅದೂ ಇರಲಿಲ್ಲ, ಏನಂತೀರಿ?